ಚರ್ಮದ ಹೆಗಲ ಚೀಲಕ್ಕೆ ಟಾಪ್‌ಕೋಟ್: ರೆಸಿನ್ ಎಲ್ಲಿ, ಮೇಣ ಎಲ್ಲಿ

ಅಕ್ಕನ ಮಗಳಿಗೆ ಒಂದು ಹೆಗಲ ಚೀಲ ಮಾಡಬೇಕಿತ್ತು. ಕಡು ಕಂದು ಬಣ್ಣ, ಮುಂದೆ ಮಡಚಿ ಬೀಳುವ ಮುಚ್ಚಳ, ಲ್ಯಾಪ್‌ಟಾಪ್ ಜೊತೆಗೆ ಒಂದೆರಡು ಪುಸ್ತಕ ಹಿಡಿಯುವಷ್ಟು ಜಾಗ. ಅವಳು ಓದುತ್ತಿರುವುದು ಮಂಗಳೂರಿನಲ್ಲಿ. ಓಡಾಟವೆಲ್ಲ ಬಸ್ಸಿನಲ್ಲಿ. ಹಾಕುವುದು ಜಾಸ್ತಿ ತಿಳಿ ಬಣ್ಣದ ಕುರ್ತಾ. ಇಷ್ಟು ಗೊತ್ತಾದ ಮೇಲೆ ಚೀಲದ ಅಳತೆ, ಆಕಾರ ಬೇಗ ತೀರ್ಮಾನವಾಯಿತು. ಯೋಚನೆಗೆ ಉಳಿದದ್ದು ಮೇಲಿನ ಲೇಪ, ಅಂದರೆ ಟಾಪ್‌ಕೋಟ್. ಕರಾವಳಿಯ ಮಳೆಗೂ ಬಿಳಿ ಬಟ್ಟೆಗೂ ಒಗ್ಗುವಂಥದ್ದು ಯಾವುದು?

ಚೀಲ ಹೊಲಿದು ಮುಗಿಸಿ, ಆಮೇಲೆ ಟಾಪ್‌ಕೋಟ್ ಬಗ್ಗೆ ಯೋಚಿಸುವವರು ತುಂಬಾ ಜನ. ಹಾಗೆ ಮಾಡಬೇಡಿ. ಯಾವ ಲೇಪ ಅನ್ನುವುದರ ಮೇಲೆ ಎಣ್ಣೆ ಎಷ್ಟು ಹಚ್ಚಬೇಕು, ತೂತು ಯಾವಾಗ ಹೊಡೆಯಬೇಕು, ಅಂಟು ಎಲ್ಲಿ ಹಿಡಿಯುತ್ತದೆ ಅನ್ನುವುದೆಲ್ಲ ನಿಂತಿರುತ್ತದೆ. ನಾನು ಡೈ (ಚರ್ಮಕ್ಕೆ ಹಾಕುವ ಬಣ್ಣ) ಬಾಟಲಿ ತೆರೆಯುವ ಮೊದಲೇ ಇದನ್ನು ಬಗೆಹರಿಸಿಕೊಂಡೆ.

ಚರ್ಮ ಮತ್ತು ಡೈ

ಚರ್ಮ ಚೆನ್ನೈನ ಪೆರಿಯಮೇಟ್‌ನಿಂದ ತರಿಸಿದ್ದು, ಸಸ್ಯದ ತೊಗಟೆಯಿಂದ ಹದ ಮಾಡಿದ್ದು. ಚೀಲದ ಮೈಗೆ 2.4 ಮಿಲಿಮೀಟರ್ ದಪ್ಪ, ಹೆಗಲ ಪಟ್ಟಿಗೆ 3.5 ಮಿಲಿಮೀಟರ್. ಇಂಥ ಚರ್ಮಕ್ಕೆ ಕಾರ್ಖಾನೆಯಲ್ಲಿ ಮೇಲೆ ಬಣ್ಣದ ಪದರ ಹಾಕಿರುವುದಿಲ್ಲ. ಹಾಗಾಗಿ ನೀರು, ಎಣ್ಣೆ, ಡೈ, ಕೈ ಬೆವರು, ಏನು ಬಿದ್ದರೂ ಸೀದಾ ಒಳಗೆ ಹೋಗುತ್ತದೆ. ಕೆಲಸ ಮಾಡುವವರಿಗೆ ಅದೇ ಅದರ ಚೆಂದ. ಬಳಸುವವರಿಗೆ ಅದೇ ತೊಂದರೆ.

ಇಲ್ಲಿ ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿ ನೆನಪಾಗುತ್ತದೆ. 2019ರಲ್ಲಿ ಈ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಅದೂ ಸಸ್ಯದಿಂದ ಹದ ಮಾಡಿದ ಚರ್ಮವೇ. ಹಳೆಯ ರೀತಿಯ ಜೋಡಿಗೆ ಮೇಲೆ ಹೊಳೆಯುವ ಪದರ ಇರುವುದಿಲ್ಲ. ಎಣ್ಣೆ ಕುಡಿಸುತ್ತಾರೆ, ಅಷ್ಟೇ. ಚರ್ಮದ ಸ್ವಂತ ಬಣ್ಣವೇ ಇರುವುದರಿಂದ ಉಜ್ಜಿದರೂ ಏನೂ ಬಿಡುವುದಿಲ್ಲ. ಟಾಪ್‌ಕೋಟ್ ಬೇಕಾಗುವುದಕ್ಕೆ ಅರ್ಧ ಕಾರಣ ನಾವು ಹಾಕುವ ಡೈ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಎಷ್ಟೋ ಗೊಂದಲ ಕಡಿಮೆಯಾಗುತ್ತದೆ.

ನನ್ನ ಮೊದಲ ತೀರ್ಮಾನ ಅಲ್ಲಿಂದಲೇ ಬಂತು. ಹೆಗಲ ಪಟ್ಟಿಯ ಒಳಮೈಗೆ ಡೈಯನ್ನೇ ಹಾಕಲಿಲ್ಲ. ಇಡೀ ದಿನ ಕುರ್ತಾಕ್ಕೆ ಉಜ್ಜುವುದು ಆ ಭಾಗ. ಅಲ್ಲಿ ಬಣ್ಣವೇ ಇಲ್ಲದಿದ್ದರೆ ಬಿಡುವ ಮಾತೇ ಇಲ್ಲ, ಅಲ್ವಾ? ನೀರಿನಲ್ಲಿ ಕದಡಿದ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಅಂಟನ್ನು ತೆಳ್ಳಗೆ ಹಚ್ಚಿ, ಗಾಜಿನ ಬಾಟಲಿಯಿಂದ ಉಜ್ಜಿ ನಾರನ್ನೆಲ್ಲ ಮಲಗಿಸಿದೆ. ನಯವಾಗಿ, ತಿಳಿ ಕಂದಾಗಿ ಉಳಿಯಿತು. ಹೊರಗಿನ ಕಡು ಬಣ್ಣದ ಪಕ್ಕದಲ್ಲಿ ಅದು ಒಪ್ಪುತ್ತದೆ ಕೂಡ.

ಹೊರಮೈಗೆ ಹಾಕಿದ್ದು ಸ್ಪಿರಿಟ್ ಡೈ, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣ. ಸ್ಪಿರಿಟ್ ಬೆರೆಸಿ ತೆಳು ಮಾಡಿ, ಮೊದಲು ಅಡ್ಡಕ್ಕೆ, ಒಣಗಿದ ಮೇಲೆ ಉದ್ದಕ್ಕೆ. ಕಡು ಬಣ್ಣದ ಸ್ಪಿರಿಟ್ ಡೈ ಪೂರ್ತಿ ಒಳಗೆ ಇಳಿಯುವುದಿಲ್ಲ. ಸ್ಪಿರಿಟ್ ಆರಿದ ಮೇಲೆ ಸ್ವಲ್ಪ ಬಣ್ಣ ಪುಡಿಯಾಗಿ ಮೇಲೆಯೇ ಕೂತಿರುತ್ತದೆ. ಈ ಪುಡಿಯನ್ನು ತೆಗೆಯದೆ ಯಾವ ಲೇಪ ಹಾಕಿದರೂ ಲೇಪ ಕೂರುವುದು ಪುಡಿಯ ಮೇಲೆ, ಚರ್ಮದ ಮೇಲಲ್ಲ. ಹಳೆಯ ಬನಿಯನ್ ಬಟ್ಟೆ ತೆಗೆದುಕೊಂಡು ಉಜ್ಜುತ್ತಾ ಹೋಗಬೇಕು. ಬಟ್ಟೆಯ ಬೇರೆ ಬೇರೆ ಕಡೆ ತಿರುಗಿಸಿ, ಕಂದು ಹತ್ತುವುದು ನಿಲ್ಲುವವರೆಗೆ. ಬೇಸರದ ಕೆಲಸ. ಆದರೆ ಬಣ್ಣ ಬಿಡದಿರಲು ಟಾಪ್‌ಕೋಟ್‌ಗಿಂತ ಈ ಉಜ್ಜುವಿಕೆಯೇ ಜಾಸ್ತಿ ನೆರವಾಗುತ್ತದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಆಮೇಲೆ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆಯುವ ಎಣ್ಣೆ), ಒಂದೇ ಒಂದು ತೆಳು ಕೈ. ಡೈಯ ಸ್ಪಿರಿಟ್ ಚರ್ಮವನ್ನು ಒಣಗಿಸಿರುತ್ತದೆ, ಅದನ್ನು ಸರಿಪಡಿಸುವಷ್ಟು ಸಾಕು. ಹಚ್ಚಿ 24 ಗಂಟೆ ಬಿಟ್ಟೆ. ಎಣ್ಣೆ ಒಳಗೆಲ್ಲ ಸಮನಾಗಿ ಹರಡಲು ಅಷ್ಟು ಸಮಯ ಬೇಕು. ಎಣ್ಣೆ ಜಾಸ್ತಿಯಾದರೆ ಅದರ ಮೇಲೆ ರೆಸಿನ್ (ಅಕ್ರಿಲಿಕ್ ಲೇಪ) ಕಚ್ಚಿಕೊಳ್ಳುವುದಿಲ್ಲ.

ಚೂರುಗಳ ಮೇಲೆ ಪರೀಕ್ಷೆ

ಲೇಪಗಳನ್ನು ಡಬ್ಬಿಯ ಮೇಲಿನ ಮಾತು ನೋಡಿ ಆರಿಸಬಾರದು. ಅದೇ ಚರ್ಮದ ಚೂರು, ಅದೇ ಡೈ, ಅದೇ ಎಣ್ಣೆ. ಅದರ ಮೇಲೆ ಹಚ್ಚಿ ನೋಡಬೇಕು. ನಾನು ಸಾಲಾಗಿ ಕತ್ತರಿಸಿಟ್ಟ ಚೂರುಗಳ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದೆ: ಬರೀ ಎಣ್ಣೆ, ಮೇಣ, ಅರಗು, ದಪ್ಪ ರೆಸಿನ್, ತೆಳು ರೆಸಿನ್, ತೆಳು ರೆಸಿನ್ ಮೇಲೆ ಮೇಣ.

ಮೇಣ ನಾನೇ ಕಾಯಿಸಿದ್ದು. ಜೇನುಮೇಣ 30 ಗ್ರಾಂ, ಕಾರ್ನೌಬಾ ಮೇಣ 10 ಗ್ರಾಂ, ನೀಟ್ಸ್‌ಫುಟ್ ಎಣ್ಣೆ 80 ಗ್ರಾಂ. ಕಾರ್ನೌಬಾ ಅಂದರೆ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಎಲೆಯಿಂದ ಬರುವ ಗಟ್ಟಿ ಮೇಣ. ಅದು ಕರಗುವುದು 82ರಿಂದ 86 ಡಿಗ್ರಿಯಲ್ಲಿ, ಜೇನುಮೇಣ 62ರಿಂದ 64ರಲ್ಲಿ. ಎಣ್ಣೆ ಸೇರಿದ ಮೇಲೆ ಜೇನುಮೇಣ ಇನ್ನೂ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಚೀಲ ಇಟ್ಟರೆ ಬರೀ ಜೇನುಮೇಣದ ಲೇಪ ಅಂಟಂಟಾಗುತ್ತದೆ. ಆ ಸ್ವಲ್ಪ ಕಾರ್ನೌಬಾ ಇರುವುದು ಅದಕ್ಕಾಗಿಯೇ. ಇದನ್ನು ನೇರ ಉರಿಯ ಮೇಲೆ ಎಂದೂ ಕಾಯಿಸಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಮೊದಲು ಕಾರ್ನೌಬಾ ಕರಗಿಸಿ, ಆಮೇಲೆ ಜೇನುಮೇಣ, ಕೊನೆಗೆ ಎಣ್ಣೆ.

ಅರಗನ್ನು ಸೇರಿಸಿದ್ದು ಪ್ರೀತಿಯಿಂದ. ಚನ್ನಪಟ್ಟಣದ ಬೊಂಬೆಗಳ ಹೊಳಪು ನೋಡಿ ಬೆಳೆದವರಿಗೆ ಅರಗಿನ ಮೇಲೆ ಆಸೆ ಇದ್ದೇ ಇರುತ್ತದೆ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಕರಗಿ ಹಿಡಿಯುತ್ತದೆ. ಚರ್ಮಕ್ಕೆ ಹಾಗೆ ಆಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಬೇಕು. ಮೊದಲ ಕೈಯಲ್ಲೇ ಅದರ ಕೊರತೆ ಗೊತ್ತಾಗುತ್ತದೆ. ಅರಗಿನ ಸ್ಪಿರಿಟ್ ಕೆಳಗಿನ ಸ್ಪಿರಿಟ್ ಡೈಯನ್ನು ಮತ್ತೆ ಕರಗಿಸಿ ಎಬ್ಬಿಸುತ್ತದೆ, ಬಟ್ಟೆಯೆಲ್ಲ ಕಂದಾಗುತ್ತದೆ. ಒಣಗಿದ ಮೇಲೆ ಹೊಳಪು ಮಾತ್ರ ಬಹಳ ಚೆಂದ. ಆದರೆ ಮರ ಬಾಗುವುದಿಲ್ಲ, ಚರ್ಮ ಬಾಗುತ್ತದೆ. ಚೂರನ್ನು ಮಡಚಿದ ಕಡೆ ಕೂದಲೆಳೆಯಂಥ ಬಿರುಕುಗಳು ಎದ್ದವು. ಮೇಲೆ ನಿಂತ ನೀರು ಬೆಳ್ಳನೆ ಕಲೆ ಬಿಟ್ಟಿತು. ಸ್ಯಾನಿಟೈಸರ್ ಒಂದು ಹನಿ ಬಿದ್ದರೆ ಅರಗು ಕರಗಿಯೇ ಹೋಗುತ್ತದೆ. ಹೆಗಲ ಚೀಲಕ್ಕೆ ಇದು ಬೇಡ. ಬಾಗದ ಗಟ್ಟಿ ಪೆಟ್ಟಿಗೆಗೆ ಚರ್ಮ ಹೊದಿಸಿದರೆ ಬೇಕಾದರೆ ಯೋಚಿಸಬಹುದು.

ರೆಸಿನ್ ಅಂದರೆ ನೀರಿನಲ್ಲಿ ಬೆರೆತಿರುವ ಅಕ್ರಿಲಿಕ್. ಫೀಬಿಂಗ್ಸ್ ಕಂಪನಿಯ ರೆಸೊಲೀನ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಬಾಟಲಿಯಲ್ಲಿ ಹಾಲಿನ ಹಾಗೆ ಕಂಡರೂ ನೀರು ಆರಿದಂತೆ ಅಕ್ರಿಲಿಕ್‌ನ ಸಣ್ಣ ಕಣಗಳು ಒಂದಕ್ಕೊಂದು ಬೆಸೆದು ಪಾರದರ್ಶಕ ಪದರವಾಗುತ್ತವೆ. ನೀರು ಆಧಾರದ್ದಾದ್ದರಿಂದ ಒಣಗಿದ ಸ್ಪಿರಿಟ್ ಡೈಯನ್ನು ಅಷ್ಟಾಗಿ ಕೆದಕುವುದಿಲ್ಲ. ಒಮ್ಮೆ ಒಣಗಿದರೆ ಮತ್ತೆ ನೀರಿಗೆ ಕರಗುವುದೂ ಇಲ್ಲ.

ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಚರ್ಮದ ಉದ್ಯಮದಲ್ಲಿ ಬಣ್ಣ ಬಿಡುವುದನ್ನು ಅಳೆಯಲು ಬಿಳಿ ಫೆಲ್ಟ್ ತುಂಡನ್ನು ತೂಕ ಹೇರಿ ಹಿಂದೆ ಮುಂದೆ ಉಜ್ಜುವ ವೆಸ್ಲಿಕ್ ಯಂತ್ರ ಇದೆ. ಮಡಿಕೆಯ ಪರೀಕ್ಷೆಗೆ ಬ್ಯಾಲಿ ಫ್ಲೆಕ್ಸೋಮೀಟರ್ ಇದೆ. ಅದೇ ಕೆಲಸವನ್ನು ಬೆರಳಿಗೆ ಸುತ್ತಿದ ಬಿಳಿ ಹತ್ತಿ ಬಟ್ಟೆಯಿಂದ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮನೆಯಲ್ಲೇ ಮಾಡಬಹುದು. ಬಟ್ಟೆಯನ್ನು ಮೊದಲು ಒಣದಾಗಿ, ಆಮೇಲೆ ನೀರಿನಲ್ಲಿ ಅದ್ದಿ, ಕೊನೆಗೆ ಉಪ್ಪು ನೀರಿನಲ್ಲಿ ಅದ್ದಿ ಉಜ್ಜಿ. ಉಪ್ಪು ನೀರು ಬೆವರಿನ ಬದಲಿಗೆ. ಒಣ ಬಟ್ಟೆಗೆ ಏನೂ ಬಿಡದ ಲೇಪ ಒದ್ದೆ ಬಟ್ಟೆಗೆ ಬಣ್ಣ ಬಿಟ್ಟುಕೊಡುವುದು ಮಾಮೂಲಿ. ಬೆವರುವ ಊರಿನಲ್ಲಿ ಚೀಲ ಹೊರುವವರಿಗೆ ಒದ್ದೆಯ ಉತ್ತರವೇ ಮುಖ್ಯ.

ಬರೀ ಎಣ್ಣೆ ಹಚ್ಚಿದ ಚೂರು ನೀರನ್ನು ಕುಡಿದು ಕಪ್ಪಾಯಿತು, ಒದ್ದೆ ಬಟ್ಟೆಗೆ ಚೆನ್ನಾಗಿಯೇ ಕಂದು ಕೊಟ್ಟಿತು. ಮೇಣದ ಚೂರಿನಲ್ಲಿ ಹನಿ ಸ್ವಲ್ಪ ಹೊತ್ತು ಮುತ್ತಾಗಿ ನಿಂತು ಆಮೇಲೆ ನಿಧಾನವಾಗಿ ಇಳಿಯಿತು. ಮಡಚಿದರೆ ಏನೂ ಆಗಲಿಲ್ಲ, ಗೆರೆ ಬಿದ್ದ ಕಡೆ ಹೆಬ್ಬೆರಳಿನಿಂದ ಉಜ್ಜಿದರೆ ಗೆರೆಯೂ ಹೋಯಿತು. ಆದರೆ ಉಪ್ಪು ನೀರಿನ ಬಟ್ಟೆಗೆ ಸ್ವಲ್ಪ ಬಣ್ಣ ಹತ್ತಿತು. ದಪ್ಪ ರೆಸಿನ್ ಪ್ಲಾಸ್ಟಿಕ್ ಹೊದಿಸಿದಂತೆ ಹೊಳೆಯಿತು, ಒಂದು ಹನಿ ನೀರನ್ನೂ ಬಿಡಲಿಲ್ಲ, ಬಟ್ಟೆ ಬೆಳ್ಳಗೇ ಉಳಿಯಿತು. ಆದರೆ ರಾತ್ರಿಯಿಡೀ ಕ್ಲಿಪ್ ಹಾಕಿ ಮಡಚಿಟ್ಟಾಗ ಮಡಿಕೆಯಲ್ಲಿ ಬಿಳಿ ಗೆರೆ ಬಿದ್ದು ಪದರ ಸೀಳಿತು. ಸಮಪಾಲು ನೀರು ಬೆರೆಸಿದ ತೆಳು ರೆಸಿನ್ ಮಾತ್ರ ಬಣ್ಣವನ್ನೂ ಹಿಡಿಯಿತು, ಸಾಧಾರಣ ಬಾಗುವಿಕೆಯನ್ನೂ ತಾಳಿತು. ಚೂಪಾದ ಮಡಿಕೆಯಲ್ಲಿ ಹತ್ತಿರ ಹಿಡಿದು ನೋಡಿದರೆ ಸಣ್ಣ ಸುಕ್ಕು ಕಾಣುತ್ತಿತ್ತು.

ತೀರ್ಮಾನ

ಇಡೀ ಚೀಲಕ್ಕೆ ಒಂದೇ ಲೇಪ ಇರಬೇಕು ಎಂದೇನೂ ಇಲ್ಲ. ಪ್ರತಿ ಭಾಗ ಏನು ಮಾಡುತ್ತದೆ ಎಂದು ಕೇಳಿಕೊಳ್ಳಬೇಕು. ಉಜ್ಜುತ್ತದೆಯೇ, ಬಾಗುತ್ತದೆಯೇ? ಪಟ್ಟಿಯ ಹೊರಮೈ ಮತ್ತು ಅಂಚು, ಚೀಲದ ಹಿಂಬದಿ, ಇವು ಬಟ್ಟೆಗೆ ಉಜ್ಜುತ್ತವೆ, ಜಾಸ್ತಿ ಬಾಗುವುದಿಲ್ಲ. ಇಲ್ಲಿ ತೆಳು ರೆಸಿನ್. ಮುಚ್ಚಳ ಹಿಂದಿನಿಂದ ಮುಂದಕ್ಕೆ ತಿರುಗುವ ಜಾಗ ದಿನಕ್ಕೆ ಎಷ್ಟೋ ಸಲ ಬಾಗುತ್ತದೆ, ಬಟ್ಟೆಗೆ ತಾಗುವುದು ಕಡಿಮೆ. ಅಲ್ಲಿ ರೆಸಿನ್ ಬೇಡ, ಬರೀ ಮೇಣ. ಮುಂಬದಿ ಮತ್ತು ಪಕ್ಕಗಳಿಗೆ ಒಂದೇ ತೆಳು ಕೈ ರೆಸಿನ್. ಕೊನೆಯಲ್ಲಿ ಎಲ್ಲದರ ಮೇಲೂ ಮೇಣ ಹಚ್ಚಿ ಒರೆಸಿದರೆ ರೆಸಿನ್‌ನ ಹೊಳಪು ತಗ್ಗಿ ಇಡೀ ಚೀಲ ಒಂದೇ ರೀತಿ ಕಾಣುತ್ತದೆ.

ಕ್ರಮ ಮಾತ್ರ ತಪ್ಪುವ ಹಾಗಿಲ್ಲ. ರೆಸಿನ್ ಮೇಲೆ ಮೇಣ ಕೂರುತ್ತದೆ. ಮೇಣದ ಮೇಲೆ ರೆಸಿನ್ ಕೂರುವುದಿಲ್ಲ, ಹನಿಹನಿಯಾಗಿ ಹಿಂದೆ ಸರಿಯುತ್ತದೆ.

ಬೇರೆ ವಸ್ತುಗಳಿಗೆ ನಾನು ಬೇರೆಯಾಗಿ ಹೇಳುತ್ತೇನೆ. ಕಪ್ಪು ಅಥವಾ ಕಡು ನೀಲಿ ಬೆಲ್ಟ್‌ಗೆ ರೆಸಿನ್ ಬೇಕೇ ಬೇಕು, ಅಂಗಿ ಸಿಕ್ಕಿಸಿಕೊಂಡವರ ಸೊಂಟಕ್ಕೆ ಅದು ದಿನವಿಡೀ ಉಜ್ಜುತ್ತದೆ. ಪರ್ಸ್‌ಗೆ ಮೇಣವೇ ಸರಿ. ಕೈಯಲ್ಲಿ ಆಡುತ್ತಾ ಆಡುತ್ತಾ ಅದು ತನ್ನ ಹೊಳಪು ತಾನೇ ತಂದುಕೊಳ್ಳುತ್ತದೆ. ಡೈ ಹಾಕದ ಚರ್ಮಕ್ಕೆ ಮೇಣದ ಆಚೆ ಏನೂ ಬೇಡ. ಮೇಣ ಸವೆದರೆ ಮತ್ತೆ ಹಚ್ಚಬಹುದು, ರೆಸಿನ್ ಪದರ ಸೀಳಿದರೆ ಕೆರೆದು ತೆಗೆಯದೆ ಗತಿಯಿಲ್ಲ. ಮನೆಯಲ್ಲಿ ಇದೆ ಅಂತ ಮರಕ್ಕೆ ಹಚ್ಚುವ ಪಿಯು (ಪಾಲಿಯುರೆಥೇನ್) ವಾರ್ನಿಶ್ ಬಳಿಯಬೇಡಿ. ಬಾಗುವ ವಸ್ತುವಿಗೆ ಮಾಡಿದ್ದಲ್ಲ ಅದು.

ಹಚ್ಚುವುದು

ತುಂಡುಗಳನ್ನು ಕತ್ತರಿಸಿ ಡೈ ಮಾಡಿದ ಮೇಲೆ, ತೂತು ಹೊಡೆಯುವ ಮೊದಲು ರೆಸಿನ್. ತೂತು ಹೊಡೆದ ಮೇಲೆ ಹಚ್ಚಿದರೆ ತೂತಿನಲ್ಲೆಲ್ಲ ರೆಸಿನ್ ತುಂಬಿಕೊಳ್ಳುತ್ತದೆ, ದಾರ ಎಳೆಯುವಾಗ ಬಿಳಿ ಪುಡಿ ಉದುರುತ್ತದೆ. ಅಂಟು ಬರುವ ಅಂಚುಗಳಿಗೆ 10 ಮಿಲಿಮೀಟರ್ ಅಗಲಕ್ಕೆ ಮಾಸ್ಕಿಂಗ್ ಟೇಪ್ ಹಾಕಿದೆ. ಫೆವಿಕಾಲ್ ಎಸ್‌ಆರ್ 998 ಥರದ ರಬ್ಬರ್ ಅಂಟು ಕಚ್ಚಿಕೊಳ್ಳಲು ಚರ್ಮದ ನಾರು ಸಿಗಬೇಕು, ನಯವಾದ ಪದರದ ಮೇಲೆ ಅದು ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಮುಚ್ಚಳ ಬಾಗುವ ಪಟ್ಟೆಗೂ ಟೇಪ್ ಹಾಕಿದೆ. ಆದರೆ ಅಲ್ಲಿ ಕೊನೆಯಲ್ಲಿ ಟೇಪ್ ಕಿತ್ತು, ರೆಸಿನ್‌ನ ಗಡಿಯನ್ನು ಒದ್ದೆ ಸ್ಪಂಜಿನಿಂದ ತೀಡಿ ಮಸುಕು ಮಾಡಬೇಕು. ಇಲ್ಲ ಅಂದ್ರೆ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ರೆಸಿನ್ ಇನ್ನೂ ಹಸಿ ಇರುವಾಗಲೇ ಇದನ್ನು ಮಾಡಬೇಕು.

ರೆಸಿನ್ ಬಾಟಲಿಯನ್ನು ಕುಲುಕಬೇಡಿ, ಗುಳ್ಳೆ ಏಳುತ್ತದೆ. ಮೆಲ್ಲಗೆ ತಿರುಗಿಸಿ, ಬೇಕಾದಷ್ಟನ್ನು ಗಾಜಿನ ಬಟ್ಟಲಿಗೆ ಸುರಿದು, ಅಷ್ಟೇ ನೀರು ಸೇರಿಸಿ. ಕಬ್ಬಿಣದ ಪಾತ್ರೆ, ಕಬ್ಬಿಣದ ಗುಂಡುಸೂಜಿ ಚರ್ಮದ ಹತ್ತಿರ ಬರಬಾರದು. ಸಸ್ಯದ ಹದದಲ್ಲಿರುವ ಟ್ಯಾನಿನ್ ಒದ್ದೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಹಾಗಾಗಿ ಈ ಚೀಲದ ಬಕಲ್, ರಿವೆಟ್ ಎಲ್ಲವೂ ಹಿತ್ತಾಳೆಯವು.

ಸಣ್ಣ ರಂಧ್ರದ ಸ್ಪಂಜನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ರೆಸಿನ್‌ನಲ್ಲಿ ತುದಿ ಅದ್ದಿ, ಹೆಚ್ಚಿನದನ್ನು ಬಟ್ಟಲಿನ ಅಂಚಿಗೆ ಒರೆಸಿಕೊಳ್ಳಬೇಕು. ತುಂಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ನಡುವೆ ನಿಲ್ಲದೆ ಎಳೆಯಬೇಕು. ಹಚ್ಚಿದ ಜಾಗ ಒದ್ದೆ ಬಟ್ಟೆಯಿಂದ ಒರೆಸಿದಂತೆ ಕಾಣಬೇಕು, ಅಷ್ಟು ತೆಳ್ಳಗೆ. ಎಲ್ಲೋ ಒಂದು ಕಡೆ ಬಿಟ್ಟು ಹೋಗಿದೆ ಅನ್ನಿಸಿದರೂ ಅರೆ ಒಣಗಿದ ಜಾಗಕ್ಕೆ ಸ್ಪಂಜು ಮತ್ತೆ ತಾಗಿಸಬೇಡಿ. ಅದು ಕಾಯಿಸಿದ ಹಾಲಿನ ಕೆನೆಯ ಹಾಗೆ ಮುದುಡಿ ಎದ್ದು ಬರುತ್ತದೆ. ಬಿಟ್ಟುಹೋದದ್ದನ್ನು ಎರಡನೆಯ ಕೈ ಮುಚ್ಚುತ್ತದೆ. ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ ಎಳೆಯಿರಿ.

ಒಂದೇ ಮೈ ಒದ್ದೆಯಾದರೆ ಚರ್ಮ ಸುರುಳಿಯಾಗುತ್ತದೆ. ಮರದ ಹಲಗೆಯ ಮೇಲೆ ಚಪ್ಪಟೆಯಾಗಿ ಹರಡಿ, ಮೂಲೆಗಳನ್ನು ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಹಿಡಿಸಿದೆ. ಹೇರ್ ಡ್ರೈಯರ್ ಬಳಸಲಿಲ್ಲ. ಮೇಲ್ಪದರ ಮೊದಲೇ ಒಣಗಿ ಒಳಗೆ ನೀರು ಸಿಕ್ಕಿಕೊಂಡರೆ ಮಬ್ಬು ಉಳಿಯುತ್ತದೆ. ಈ ಕೆಲಸಕ್ಕೆ ಹವೆ ಒಣಗಿರುವ ತಿಂಗಳು ಆರಿಸಿಕೊಳ್ಳುವುದು ಒಳ್ಳೆಯದು. ನಾನು ಮೈಸೂರಿನಲ್ಲಿ ಮಾರ್ಚ್‌ನಲ್ಲಿ ಮಾಡಿದ್ದು, ಫ್ಯಾನ್ ಹಾಕದೆಯೇ ಬೇಗ ಆರಿತು. ಇದೇ ಕೆಲಸವನ್ನು ಜುಲೈಯಲ್ಲಿ ಕರಾವಳಿಯಲ್ಲಿ ಮಾಡುವವರು ಒಂದು ಕೈಗೂ ಇನ್ನೊಂದು ಕೈಗೂ ನಡುವೆ ಇಡೀ ದಿನ ಬಿಡಿ. ಎರಡೂ ಕೈ ಮುಗಿದ ಮೇಲೆ ತೂತು ಹೊಡೆಯುವ ಮೊದಲು ಇನ್ನೊಂದು ದಿನ.

ಅಲ್ಲಿಂದ ಮುಂದೆ ಮಾಮೂಲಿ ಕೆಲಸ. ಅಂಟು, ತೂತು, ಮೇಣದ ದಾರದಲ್ಲಿ ಎರಡು ಸೂಜಿಯ ಹೊಲಿಗೆ. ಅಂಚುಗಳನ್ನು ಉಪ್ಪುಕಾಗದದಿಂದ ತಿಕ್ಕಿ, ಡೈ ಹಾಕಿ, ಸಿಎಂಸಿ ಹಚ್ಚಿ, ಮರದ ಕೋಲಿನಿಂದ ಉಜ್ಜಿ ಹೊಳಪು ತಂದೆ. ಪಟ್ಟಿಯ ಅಂಚುಗಳಿಗೆ ಮಾತ್ರ ಅದರ ಮೇಲೆ ತೆಳು ರೆಸಿನ್. ಕುತ್ತಿಗೆಯ ಬಳಿ ಬೆವರು ತಾಗುವುದು ಆ ಅಂಚಿಗೇ. ಕೊನೆಗೆ ಮೇಣ. ಬೆರಳ ತುದಿಯಲ್ಲಿ ಸ್ವಲ್ಪವೇ ತೆಗೆದು, ಅಂಗೈ ಬಿಸಿಗೆ ಮೆತ್ತಗೆ ಮಾಡಿ ಹಚ್ಚಿದೆ. ಮುಚ್ಚಳ ಬಾಗುವ ಕಡೆ ಎರಡು ಸಲ, ಹೊಲಿಗೆಯ ಸಾಲಿನ ಮೇಲೂ ಒಂದು ಸಲ. ಒಂದು ಗಂಟೆ ಬಿಟ್ಟು ಕುದುರೆ ಕೂದಲಿನ ಬ್ರಷ್‌ನಿಂದ ತೀಡಿದಾಗ ಕಡು ಕಂದು ಬಣ್ಣ ಒಳಗಿನಿಂದ ಬೆಳಗಿದ ಹಾಗೆ ಎದ್ದು ಬಂತು. ರೆಸಿನ್‌ನ ಗಡಿ ಹುಡುಕಿದರೂ ಕಾಣಲಿಲ್ಲ. ಬಿಳಿ ಬಟ್ಟೆಯನ್ನು ಉಪ್ಪು ನೀರಿನಲ್ಲಿ ಅದ್ದಿ ಹಿಂಬದಿಯನ್ನೆಲ್ಲ ಉಜ್ಜಿದೆ. ಬಟ್ಟೆ ಬೆಳ್ಳಗೇ ಇತ್ತು. ನನಗೆ ತುಂಬಾ ಖುಷಿಯಾಯಿತು.

ಮಳೆಗಾಲಕ್ಕೆ

ಚೀಲ ಕೊಡುವಾಗ ಅವಳಿಗೆ ಹೇಳಿದ್ದು ಇಷ್ಟು. ಇದು ನೀರನ್ನು ತಡೆಯುತ್ತದೆ, ನೀರು ಹೋಗದ ಚೀಲ ಅಲ್ಲ. ಹೊಲಿಗೆಯ ತೂತು, ಒಳಮೈ, ಅಂಚು, ಎಲ್ಲಿಂದ ಬೇಕಾದರೂ ನೀರು ನುಗ್ಗಬಹುದು. ಬಸ್ ನಿಲ್ದಾಣದಿಂದ ಕಾಲೇಜಿಗೆ ಕೊಡೆ ಹಿಡಿದು ಹೋಗುವಾಗ ಬೀಳುವ ಎರಚಲಿಗೆ ಸಾಕು. ಧೋ ಎಂದು ಸುರಿಯುವ ಆಷಾಢದ ಮಳೆಗೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇಕು. ನೆನೆದರೆ ಒರೆಸಿ, ಒಳಗೆ ಹಳೆ ಪೇಪರ್ ತುರುಕಿ, ಫ್ಯಾನ್ ಗಾಳಿಯಲ್ಲಿ ಒಣಗಿಸಬೇಕು. ಒಲೆಯ ಬಳಿ, ಬಿಸಿಲಿನಲ್ಲಿ ಅಲ್ಲ.

ಮನೆಯಲ್ಲಿರುವ ತೆಂಗಿನೆಣ್ಣೆ ಹಚ್ಚುವುದು ಬೇಡ ಎಂದೂ ಹೇಳಿದೆ. ಚಪ್ಪಲಿಗೆ ಹಚ್ಚುವ ರೂಢಿ ಇದೆ, ಸರಿ. ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ಕೊಬ್ಬು. ಜಾಸ್ತಿ ಹಚ್ಚಿದರೆ ಚರ್ಮ ಮೆತ್ತಗಾಗಿ ಜೋಲುತ್ತದೆ, ರೆಸಿನ್ ಇಲ್ಲದ ಕಡೆ ಬಣ್ಣ ಕಪ್ಪಗಾಗುತ್ತದೆ.

ಚೀಲದ ಮೇಲೆ ಬೆಳ್ಳಗೆ ಏನಾದರೂ ಕಂಡರೆ ಗಾಬರಿಯಾಗುವ ಮೊದಲು ಹೇರ್ ಡ್ರೈಯರ್‌ನ ಹದವಾದ ಬಿಸಿ ಗಾಳಿ ಹಿಡಿದು ನೋಡಬೇಕು. ಕರಗಿ ಮಾಯವಾದರೆ ಅದು ಒಳಗಿನ ಕೊಬ್ಬು, ಮೇಣ ಮೇಲೆ ಬಂದದ್ದು. ಬಟ್ಟೆಯಿಂದ ಒರೆಸಿದರೆ ಆಯಿತು. ಕರಗದಿದ್ದರೆ ಬೂಷ್ಟು. ಅದನ್ನು ಮನೆಯ ಹೊರಗೆ ಒಣ ಬ್ರಷ್‌ನಿಂದ ತೆಗೆದು, ಒಣಗಿಸಿ, ಗಾಳಿಯಾಡುವ ಕಡೆ ತೂಗುಹಾಕಬೇಕು. ಯಾವ ಟಾಪ್‌ಕೋಟೂ ಬೂಷ್ಟನ್ನು ತಡೆಯುವುದಿಲ್ಲ, ಕಪಾಟಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಅದು ಬಂದೇ ಬರುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿ ಇಡಲಿ ಎಂದು ಒಂದನ್ನು ಹೊಲಿದು ಜೊತೆಗೇ ಕೊಟ್ಟೆ. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಹಚ್ಚಲು ಒಂದು ಸಣ್ಣ ಡಬ್ಬಿ ಮೇಣವನ್ನೂ.

ನೀರು ಬೆರೆಸಿದ ರೆಸಿನ್ ಉಳಿದರೆ ಮೂಲ ಬಾಟಲಿಗೆ ವಾಪಸ್ ಸುರಿಯಬೇಡಿ. ಸ್ಪಂಜಿನಿಂದ ಸೇರಿದ ಬಣ್ಣ, ನಾರು ಇಡೀ ಬಾಟಲಿಯನ್ನು ಕೆಡಿಸುತ್ತದೆ. ಉಳಿದದ್ದನ್ನು ಚೂರುಗಳ ಮೇಲೆ ಹಚ್ಚಿಟ್ಟುಕೊಂಡರೆ ಮುಂದಿನ ಕೆಲಸದ ಪರೀಕ್ಷೆಗೆ ಬರುತ್ತದೆ.